ಹೋರಿ ಹಬ್ಬಕ್ಕೆ ಅಂಗಡಿಯಲ್ಲಿ ಏನು ತುಂಬಲಿ? ಹೋದ ವರ್ಷದ 37 ಟೀಶರ್ಟ್ ಇನ್ನೂ ಕಪಾಟಿನಲ್ಲಿವೆ

ಫ್ಯಾನ್ಸಿ ಅಂಗಡಿ ತಮ್ಮ:

ಎಲ್ಲರಿಗೂ ನಮಸ್ಕಾರ ರೀ. ಹಾವೇರಿಯಿಂದ ಹಾನಗಲ್ಲಿಗೆ ಹೋಗುವ ದಾರಿಯಲ್ಲಿ ನಮ್ಮೂರು. ಬಸ್ ಸ್ಟ್ಯಾಂಡ್ ಎದುರಿಗೇ ನನ್ನದೊಂದು ಸಣ್ಣ ಫ್ಯಾನ್ಸಿ ಸ್ಟೋರ್ಸ್. ಬಳೆ, ಕ್ಲಿಪ್ಪು, ನೋಟ್‌ಬುಕ್ಕು, ಮೊಬೈಲ್ ಕವರು, ಹಿಂಗೆ. ವರ್ಷವಿಡೀ ಹೇಗೋ ನಡೆಯುತ್ತೆ, ಕೈಗೆ ನಾಲ್ಕು ಕಾಸು ಕಾಣೋದು ದಸರಾದಿಂದ ದೀಪಾವಳಿ ತನಕ ಮಾತ್ರ.

ನಮ್ಮ ಕಡೆ ದೀಪಾವಳಿಗೆ ಹೋರಿ ಹಬ್ಬ. ಸಿಂಗರಿಸಿದ ಹೋರಿಯನ್ನು ಓಡಿಸ್ತಾರೆ, ಅದಕ್ಕೆ ಕಟ್ಟಿದ ಕೊಬ್ಬರಿ ಸರವನ್ನು ಹುಡುಗರು ಹರೀತಾರೆ. ಹೋದ ವರ್ಷ ಒಂದು ಎಡವಟ್ಟು ಮಾಡಿಕೊಂಡೆ. ನಮ್ಮೂರ ಒಂದು ಹೋರಿಯ ಅಭಿಮಾನಿ ಹುಡುಗರು ಬಂದು 'ಅಣ್ಣಾ, 60 ಟೀಶರ್ಟ್ ಬೇಕು, ಮುಂದೆ ಹೋರಿ ಫೋಟೊ, ಹಿಂದೆ ಹೆಸರು' ಅಂದರು. ಕೈಗೆ ಎರಡು ಸಾವಿರ ಇಟ್ಟರು, ಉಳಿದದ್ದು ಹಬ್ಬ ಆದ ಮೇಲೆ ಅಂದರು. ನಾನೂ ಹ್ಞೂಂ ಅಂದುಬಿಟ್ಟೆ. ಅರಿಶಿನ ಬಣ್ಣದ ಬಟ್ಟೆ, ಪ್ರಿಂಟ್ ಚೆನ್ನಾಗಿಯೇ ಬಂದಿತ್ತು. ಹಬ್ಬಕ್ಕೆ ನಾಲ್ಕು ದಿನ ಇರುವಾಗ ಆ ಹೋರಿ ತಾಲೀಮಿನಲ್ಲಿ ಕಾಲು ಉಳುಕಿಸಿಕೊಂಡಿತು. ಮನೆಯವರು ಈ ವರ್ಷ ಬಿಡೋದಿಲ್ಲ ಅಂದರು, ಅದು ಸರಿಯಾದ ಮಾತೇ. ಆದರೆ ಹೋರಿಯೇ ಓಡದಿದ್ದರೆ ಅದರ ಟೀಶರ್ಟ್ ಯಾರು ಹಾಕಿಕೊಳ್ತಾರೆ? 22 ಹೋದವು. 37 ಕಪಾಟಿನಲ್ಲಿ ಕೂತಿವೆ. ಇನ್ನೊಂದು ನಮ್ಮಪ್ಪನ ಮೈಮೇಲೆ, ದಿನಾ ಅದನ್ನೇ ಹಾಕಿಕೊಂಡು ಗೋವಿನಜೋಳದ ಹೊಲಕ್ಕೆ ಹೋಗ್ತಾರೆ. ಬೇರೆ ಹೋರಿ ಕಡೆಯ ಹುಡುಗರಂತೂ ಪುಕ್ಕಟೆ ಕೊಟ್ಟರೂ ಮುಟ್ಟಲಿಲ್ಲ.

ಈ ಸಲ ಹಬ್ಬದ ಸಾಮಾನು ಇಡಬೇಕು ಅಂತ ಮನಸ್ಸಿದೆ, ಧೈರ್ಯ ಇಲ್ಲ. ಹೋರಿ ಸಾಮಾನಿನಲ್ಲಿ ಏನು ಓಡುತ್ತೆ? ಕೊಬ್ಬರಿ ಇಡಬಹುದಾ? ಪಟಾಕಿ ಇಡು ಅಂತ ಭಾವ ಗಂಟು ಬಿದ್ದಿದ್ದಾನೆ. ಪಾಡ್ಯದ ದಿನ ಅಂಗಡಿ ತೆಗೀಲಾ ಬೇಡವಾ? ಸುತ್ತ ಯಾವ ಊರಲ್ಲಿ ಯಾವಾಗ ಅಖಾಡ, ಅಂದರೆ ಹೋರಿ ಓಡಿಸುವ ಸ್ಪರ್ಧೆ, ಇದೆ ಗೊತ್ತಿದ್ದವರು ಅದನ್ನೂ ಹೇಳಿ.

ಕೋಡಣಸು:

ತಮ್ಮಾ, ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಹೋರಿ ಕಟ್ಟುತ್ತೇವೆ, ಹಾಗಾಗಿ ಗಿರಾಕಿ ಕಡೆಯಿಂದ ಹೇಳ್ತೀನಿ.

ಹೋರಿ ಬೆನ್ನಿಗೆ ಹೊದಿಸುವ ಜೂಲ, ಗೊಂಡೆ, ಹಣೆಪಟ್ಟಿ, ಗಂಟೆ, ಕೋಡಿನ ತುದಿಗೆ ಹಾಕುವ ಕೋಡಣಸು, ಇವನ್ನು ನಿನ್ನ ಅಂಗಡಿಯಲ್ಲಿ ಇಡಬೇಡ. ಹೋರಿ ಸಾಕಿದವರು ಹಬ್ಬದ ಹಿಂದಿನ ದಿನ ಜೂಲ ಹುಡುಕಿಕೊಂಡು ಬರೋದಿಲ್ಲ. ದಸರಾ ಮುಗಿಯೋದರೊಳಗೆ ಅಳತೆ ಕೊಟ್ಟು ಹೊಲಿಸಿರ್ತಾರೆ, ಗಂಟೆಗಳು ಮನೆಯಲ್ಲೇ ಇರುತ್ತವೆ. ಅದಕ್ಕೆ ದುಡ್ಡು ಹಾಕಿದರೆ ಟೀಶರ್ಟ್ ಪಕ್ಕದಲ್ಲಿ ಅವೂ ಕೂರುತ್ತವೆ ಅಷ್ಟೇ.

ಕೊನೇ ಗಳಿಗೆಯಲ್ಲಿ ಏನು ಸಾಲದೆ ಬರುತ್ತೆ, ಅದನ್ನು ಇಡು. ರಿಬ್ಬನ್ನು, ಬಲೂನು, ನೈಲಾನ್ ದಾರ, ಬಣ್ಣದ ಟೇಪು, ಕತ್ತರಿ. ಪೀಪಿ ಹೋರಿ ಅಂದರೆ ಗೊತ್ತಲ್ಲ, ಕೋಡಿನ ಮೇಲೆ ಎತ್ತರಕ್ಕೆ ಬಲೂನು, ರಿಬ್ಬನ್ನು ಕಟ್ಟಿ ಬಿಡ್ತಾರೆ. ಒಂದು ಹೋರಿಗೆ ಎಷ್ಟು ಬಲೂನು ಬೇಕು ಅನ್ನೋದು ಕಟ್ಟೋಕೆ ಕೂತಾಗಲೇ ತಿಳಿಯೋದು, ಅರ್ಧ ಕಟ್ಟುವಾಗಲೇ ಒಡೀತವೆ. ಹೋದ ವರ್ಷ ಪಾಡ್ಯದ ಬೆಳಿಗ್ಗೆ ನಮ್ಮ ಬಲೂನು ಪಂಪು ಕೈ ಕೊಟ್ಟಿತು. ಐದೂವರೆ ಗಂಟೆ, ಇನ್ನೂ ಕತ್ತಲು. ಮನೆ ಮಂದಿಯೆಲ್ಲ ಬಾಯಲ್ಲೇ ಊದಿದೆವು, ನನ್ನ ಚಿಕ್ಕಪ್ಪನಿಗೆ ತಲೆ ಸುತ್ತು ಬಂದು ಗೋದಲಿ ಹತ್ತಿರವೇ ಕೂತುಬಿಟ್ಟ. ಊರಲ್ಲಿ ಒಂದು ಅಂಗಡಿ ತೆರೆದಿದ್ದರೆ ಆ ಪಂಪಿಗೆ ಕೇಳಿದಷ್ಟು ಕೊಡ್ತಿದ್ದೆ.

ಇನ್ನೊಂದು ವಿಷಯ. ಪಾಡ್ಯಕ್ಕೆ ಹೋರಿ ಹಬ್ಬ ಮುಗಿಯೋದಿಲ್ಲ, ಶುರುವಾಗುತ್ತೆ. ಆ ದಿನ ಊರೂರಲ್ಲಿ ಅವರವರ ಹೋರಿ ಬಿಡ್ತಾರೆ. ಬೈಕು, ಫ್ರಿಜ್ಜು, ಬಂಗಾರ ಇಡುವ ದೊಡ್ಡ ಅಖಾಡಗಳು ಆಮೇಲೆ ಒಂದೊಂದೇ ಊರಲ್ಲಿ ಸಂಕ್ರಾಂತಿ ತನಕ ನಡೀತಾನೇ ಇರುತ್ತವೆ. ಅವುಗಳ ತಾರೀಕು ಈಗಲೇ ಯಾರಿಗೂ ಹೇಳೋಕಾಗಲ್ಲ, ಹ್ಯಾಂಡ್‌ಬಿಲ್ ಬಂದಾಗಲೇ ಖಾತ್ರಿ. ಹಾಗಾಗಿ ಉಳಿದ ರಿಬ್ಬನ್ನು, ಬಲೂನು ಅರ್ಧ ರೇಟಿಗೆ ಬಿಸಾಕಬೇಡ.

ಕಿರಾಣಿ ಕಾಕಾ:

ಕೊಬ್ಬರಿ ವಿಷಯ ನನಗೆ ಬಿಡಪ್ಪಾ. ಇಡಬೇಡ. ಇಷ್ಟೇ ಹೇಳಿದರೆ ಕಾಕಾ ತನ್ನ ವ್ಯಾಪಾರಕ್ಕೆ ಹೇಳ್ತಾನೆ ಅಂತೀಯ, ಅದಕ್ಕೆ ಕಾರಣವನ್ನೂ ಹೇಳ್ತೀನಿ.

ನಮಗೆ ಕೊಬ್ಬರಿ ರೇಟು ಅಂದರೆ ತಿಪಟೂರಿನ ರೇಟು. 2025ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ರೂಪಾಯಿ. ಆ ವರ್ಷದ ನಡುವೆ ತಿಪಟೂರು ಪೇಟೆಯಲ್ಲಿ ಅದರ ಎರಡು ಪಟ್ಟಿಗೂ ಜಾಸ್ತಿ ಹೋಯಿತು. ಅಷ್ಟು ಏರಿಳಿತ ಇರುವ ಮಾಲನ್ನು ಫ್ಯಾನ್ಸಿ ಅಂಗಡಿಯವನು ತಂದಿಟ್ಟರೆ, ರೇಟು ಇಳಿದ ದಿನ ನಿದ್ದೆ ಬರೋದಿಲ್ಲ. ಮೇಲೆ ನಮ್ಮ ಕಡೆ ಆ ಹೊತ್ತಿಗೆ ಹಿಂಗಾರು ಮಳೆ ಒಂದು ಸಲ ಬಂದೇ ಬರುತ್ತೆ. ಚೀಲ ತಂಡಿ ಹಿಡಿದರೆ ಬಟ್ಟಲೊಳಗೆ ಬೂಸ್ಟು. ಆರಿದರೆ ತೂಕ ಕಡಿಮೆ. ಎರಡೂ ಕಡೆ ಪೆಟ್ಟು.

ರೇಟು ಏರಿದ ವರ್ಷ ಕೊಬ್ಬರಿ ಹೋರಿಯವರು ಏನು ಮಾಡಿದರು ಗೊತ್ತಾ, ಸರಕ್ಕೆ ಬಟ್ಟಲು ಕಡಿಮೆ ಮಾಡಿ ನಡುವೆ ರಿಬ್ಬನ್ನಿನ ಹೂ ಜಾಸ್ತಿ ಕಟ್ಟಿದರು. ಹರಿಯೋಕೆ ಬಂದ ಪೈಲ್ವಾನನ ಕೈಗೆ ಕೊಬ್ಬರಿ ಬದಲು ರಿಬ್ಬನ್ನು ಬಂತು, ಅವನು ಅಲ್ಲೇ ನಿಂತು ಹೋರಿ ಮನೆಯವರನ್ನು ಬೈದ. ನನಗೆ ನಗು ತಡೆಯೋಕಾಗಲಿಲ್ಲ. ಅಂದರೆ ಕೊಬ್ಬರಿ ತುಟ್ಟಿಯಾದರೆ ನಿನ್ನ ರಿಬ್ಬನ್ನೇ ಓಡುತ್ತೆ, ಕೋಡಣಸು ಹೇಳಿದ್ದು ಸರಿ ಇದೆ.

ಪಟಾಕಿ ಮಾತು ಭಾವನಿಗೆ ಇವತ್ತೇ ಮರೆಯೋಕೆ ಹೇಳು. 2023ರ ಆಗಸ್ಟ್‌ನಲ್ಲಿ ನಮ್ಮ ಹಾವೇರಿ ಹತ್ತಿರದ ಆಲದಕಟ್ಟಿಯಲ್ಲೇ ಪಟಾಕಿ ಗೋದಾಮಿಗೆ ಬೆಂಕಿ ಬಿದ್ದು ಕೆಲಸದವರು ಸತ್ತರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಬೆಂಗಳೂರು ಹತ್ತಿರದ ಅತ್ತಿಬೆಲೆಯ ಪಟಾಕಿ ಬೆಂಕಿ. ಹಸಿರು ಪಟಾಕಿ ಮಾತ್ರ, ಲೈಸೆನ್ಸ್ ಬೇಕೇ ಬೇಕು. ನಿನ್ನ ಅಂಗಡಿಯಲ್ಲಿ ಒಂದು ಬಾಗಿಲು, ಒಳಗೆಲ್ಲ ಪ್ಲಾಸ್ಟಿಕ್ಕು.

ಹೊಲಿಗೆ ಅಕ್ಕ, ಬ್ಯಾಡಗಿ:

ಎಲ್ಲರೂ ಹೋರಿ ಹೋರಿ ಅಂತೀರಿ. ಹಬ್ಬಕ್ಕೆ ದುಡ್ಡು ಬಿಚ್ಚೋದು ಹೆಣ್ಣುಮಕ್ಕಳು, ಅವರ ಬಗ್ಗೆ ಒಬ್ಬರೂ ಮಾತಾಡಲಿಲ್ಲ ಅಲ್ವಾ?

ತಮ್ಮಾ, 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮಂಥ ಊರಿನ ವ್ಯಾಪಾರವೇ ಬದಲಾಯಿತು. ಬಸ್ಸಿಗೆ ದುಡ್ಡಿಲ್ಲ ಅಂದ ಮೇಲೆ ನಾಲ್ಕು ಜನ ಕೂಡಿಕೊಂಡು ಹುಬ್ಬಳ್ಳಿಗೆ ಹೋಗ್ತಾರೆ. ದುರ್ಗದ ಬೈಲಿನಲ್ಲಿ ಒಂದು ಸುತ್ತು, ಜವಳಿ ಸಾಲಿನಲ್ಲಿ ಸೀರೆ, ಗಿರ್ಮಿಟ್ಟು ತಿಂದು ಸಂಜೆ ಬಸ್ಸಿಗೆ ವಾಪಸ್. ನಾನೂ ಹೋಗ್ತೀನಿ, ಸುಳ್ಳು ಯಾಕೆ ಹೇಳಲಿ. ಹಾಗಾಗಿ ಸೀರೆ, ಡ್ರೆಸ್ಸು, ದೊಡ್ಡ ಸಾಮಾನು ಇಟ್ಟು ಹುಬ್ಬಳ್ಳಿ ಜೊತೆ ಜಗಳಕ್ಕೆ ಇಳಿಯಬೇಡ.

ಆದರೆ ಹುಬ್ಬಳ್ಳಿಗೆ ಹೋಗಿ ಬಂದವರು ಏನೋ ಒಂದನ್ನು ಮರೆತೇ ಬಂದಿರ್ತಾರೆ. ಸೀರೆ ತಂದಿರ್ತಾರೆ, ಮ್ಯಾಚಿಂಗ್ ಬಳೆ ಇರೋದಿಲ್ಲ. ಫಾಲ್ ಇರೋದಿಲ್ಲ. ನೀರು ತುಂಬುವ ಹಬ್ಬದ ಸಂಜೆ ನನ್ನ ಹತ್ತಿರ ಬ್ಲೌಸಿಗೆ ಬರ್ತಾರೆ, ಹುಕ್ಕಿಗೆ ನಾನೇ ಪರದಾಡ್ತೀನಿ. ಹಣತೆಗೆ ಬತ್ತಿ, ಆರತಿ ತಟ್ಟೆಗೆ ಸಣ್ಣ ದೀಪ, ಕುಂಕುಮದ ಡಬ್ಬಿ. ಅಣ್ಣತಮ್ಮಂದಿರಿಗೆ ಆರತಿ ಮಾಡೋಕೆ ತವರಿಗೆ ಬಂದವರು ತಟ್ಟೆಗೆ ಬಿದ್ದ ನೋಟು ಕೈಯಲ್ಲಿ ಹಿಡಿದುಕೊಂಡೇ ಮಕ್ಕಳನ್ನು ಕರ್ಕೊಂಡು ಅಂಗಡಿಗೆ ಬರ್ತಾರೆ. ಆ ಮಕ್ಕಳ ಕಣ್ಣಿಗೆ ಬೀಳುವ ಎತ್ತರದಲ್ಲಿ ಕ್ಲಿಪ್ಪು, ಸರ, ಸಣ್ಣ ಬಳೆ ತೂಗುಹಾಕು. ಗೃಹಲಕ್ಷ್ಮಿ ದುಡ್ಡು ಬಂದ ವಾರ ಆದರಂತೂ ಕೇಳೋದೇ ಬೇಡ.

ಪಾಡ್ಯದ ಬೆಳಿಗ್ಗೆ ಸಗಣಿಯಲ್ಲಿ ಪಾಂಡವರನ್ನು ಮಾಡಿ ಇಡೋಕೆ ಚೆಂಡು ಹೂ, ಉತ್ತರಾಣಿ ಬೇಕು. ಪೇಟೆ ಮನೆಯವರಿಗೆ ಸಗಣಿಯೂ ಬೇಕು. ನಗಬೇಡಿ, ಹೋದ ವರ್ಷ ನಮ್ಮ ಓಣಿಯಲ್ಲಿ ಒಬ್ಬ ಹುಡುಗ ಬಕೆಟ್ಟಿನಲ್ಲಿ ಸಗಣಿ ತಂದು ಮನೆಮನೆಗೆ ಮಾರಿದ, ಎಂಟು ಗಂಟೆಗೆ ಖಾಲಿ.

ಆ 37 ಟೀಶರ್ಟ್ ನನಗೆ ತಂದುಕೊಡು. ಬಟ್ಟೆ ಕಾಟನ್ನಾ, ಪಾಲಿಯೆಸ್ಟರಾ? ಕಾಟನ್ ಆದರೆ ಫೋಟೊ ಇರುವ ಕಡೆ ಒಳಮಗ್ಗುಲು ಮಾಡಿ ಕೈಚೀಲ ಹೊಲಿಯಬಹುದು. ಅರಿಶಿನ ಬಣ್ಣ ಹಬ್ಬಕ್ಕೆ ನಡೆಯುತ್ತೆ.

ನಿವೃತ್ತ ಮೇಷ್ಟ್ರು:

ವ್ಯಾಪಾರದ ಮಾತು ಎಲ್ಲರೂ ಚೆನ್ನಾಗಿ ಹೇಳಿದ್ದೀರಿ. ನನ್ನದು ಒಂದೇ ಮಾತು. ಬಸ್ ಸ್ಟ್ಯಾಂಡ್ ಎದುರು ಅಂಗಡಿ ಅಂದರೆ ಹೋರಿ ಓಡುವ ದಾರಿಯಲ್ಲೇ ಇದೆ ಅಂತ ಆಯಿತು. 2025ರ ದೀಪಾವಳಿಯಲ್ಲಿ ನಮ್ಮ ಜಿಲ್ಲೆಯಲ್ಲೇ ಹೋರಿ ಹಾಯ್ದು ಜನ ಸತ್ತರು. ಸತ್ತವರಲ್ಲಿ ಎಪ್ಪತ್ತು ವರ್ಷ ಆದವರೂ ಇದ್ದರು, ಅವರೇನು ಕೊಬ್ಬರಿ ಹರಿಯೋಕೆ ಹೋಗಿದ್ದರೇ? ಪಾಡ್ಯದ ದಿನ ಅಂಗಡಿ ತೆಗೆದರೆ ಕಟ್ಟೆ ಮೇಲೆ ಮಕ್ಕಳು, ಮುದುಕರು ನಿಲ್ತಾರೆ. ಬಾಗಿಲು ಹಾಕಪ್ಪಾ.

ಕೋಡಣಸು:

ಮೇಷ್ಟ್ರೇ, ನಿಮ್ಮ ಮಾತು ತೆಗೆದುಹಾಕೋದಿಲ್ಲ. ಆದರೆ ಎಲ್ಲ ಊರೂ ಒಂದೇ ಅಲ್ಲ ರೀ. ನಮ್ಮಲ್ಲಿ ಎರಡೂ ಕಡೆ ಬೊಂಬು ಕಟ್ಟಿ, ಆಂಬುಲೆನ್ಸ್ ತರಿಸಿ, ಆಮೇಲೇ ಹೋರಿ ಬಿಡೋದು. ಸುಪ್ರೀಂ ಕೋರ್ಟು 2014ರಲ್ಲಿ ತಮಿಳುನಾಡಿನ ಜಲ್ಲಿಕಟ್ಟು ನಿಲ್ಲಿಸಿದಾಗ ನಮಗೂ ಬಿಸಿ ತಟ್ಟಿತ್ತು. 2023ರ ಮೇ ತಿಂಗಳಲ್ಲಿ ತಮಿಳುನಾಡು, ಮಹಾರಾಷ್ಟ್ರ, ನಮ್ಮ ರಾಜ್ಯ ಮೂರೂ ಇಂಥ ಆಟಗಳಿಗೆ ಅವಕಾಶ ಕೊಡೋಕೆ ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ತಂದ ತಿದ್ದುಪಡಿಯನ್ನೂ ಅದೇ ಕೋರ್ಟು ಒಪ್ಪಿತು.

ನಿವೃತ್ತ ಮೇಷ್ಟ್ರು:

ಒಪ್ಪಿದ್ದು ನಿಜ. ನಮ್ಮ ರಾಜ್ಯದ ತಿದ್ದುಪಡಿ ಬಂದದ್ದು ಕಂಬಳಕ್ಕೆ, ಎತ್ತಿನ ಓಟಕ್ಕೆ, ಎತ್ತಿನ ಗಾಡಿ ಓಟಕ್ಕೆ, ಅದಕ್ಕೂ ಷರತ್ತು ಇವೆ. ನೀವು ಬೊಂಬು ಕಟ್ಟುವ ಅಖಾಡಕ್ಕೆ ನಾನೂ ಬಂದು ನೋಡ್ತೀನಿ, ಆ ಮಾತು ಬೇರೆ. ನಾನು ಹೇಳಿದ್ದು ಊರ ನಡುವಿನ ರಸ್ತೆಯಲ್ಲಿ ಬಿಡೋದರ ಬಗ್ಗೆ. ಅಲ್ಲಿ ಬೊಂಬು ಎಲ್ಲಿ ಕಟ್ಟುತ್ತೀರಿ?

ಕೋಡಣಸು:

ಅದು ಹೌದು ಬಿಡಿ. ಊರೊಳಗೆ ಬಿಡೋದಕ್ಕೆ ನಮ್ಮ ಮನೆಯಲ್ಲೇ ಅವ್ವ ಜಗಳ ತೆಗೀತಾಳೆ.

ಕಿರ್ದಿ ಪುಸ್ತಕ:

ನಾನು ನಾಲ್ಕಾರು ಅಂಗಡಿಗಳ ಲೆಕ್ಕ ಬರೆಯುವವನು. ತಮ್ಮನ ರೋಗ ಟೀಶರ್ಟ್ ಅಲ್ಲ, ಉದ್ರಿ, ಅಂದರೆ ಸಾಲದ ವ್ಯಾಪಾರ. ಅಭಿಮಾನಿ ಬಳಗ ಅಂದರೆ ಇವತ್ತು 60 ಜನ, ಹೋರಿ ಸೋತ ದಿನ ಆರು ಜನ. ಪ್ರಿಂಟಿಗೆ ಕೊಡುವ ಮೊದಲು ಪೂರ್ತಿ ದುಡ್ಡು ತಗೋ, ಇಲ್ಲದಿದ್ದರೆ ಒಬ್ಬೊಬ್ಬನ ಹೆಸರು, ಸೈಜು, ದುಡ್ಡು ಬರೆದುಕೊಂಡು ಅಷ್ಟಕ್ಕೇ ಮಾಡಿಸು. ಅಮಾವಾಸ್ಯೆ ಪೂಜೆಗೆ ಹೊಸ ಪುಸ್ತಕ ಇಡ್ತೀಯಲ್ಲ, ಹಳೇ ಪುಸ್ತಕದ ಉದ್ರಿಯನ್ನು ಅದಕ್ಕೂ ಮೊದಲೇ ಕೇಳಿ ವಸೂಲಿ ಮಾಡು. ಹಬ್ಬ ಆದ ಮೇಲೆ ಎಲ್ಲರ ಕಿಸೆಯೂ ಖಾಲಿ.

ಇನ್ನೊಂದು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ತೆರಿಗೆ ನೋಟಿಸು ಬಂದಾಗಿನಿಂದ ಕೆಲವರು ಹಬ್ಬದ ವಾರದಲ್ಲಿ ಕ್ಯೂಆರ್ ಕೋಡು ಮುಚ್ಚಿಡ್ತಾರೆ. ಸಾಮಾನು ಮಾರುವವರಿಗೆ ವರ್ಷಕ್ಕೆ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ. ಬಳೆ, ಕ್ಲಿಪ್ಪು ಮಾರಿ ಆ ಲೆಕ್ಕ ಮುಟ್ಟಿದ ದಿನ ನನಗೊಂದು ಧಾರವಾಡ ಪೇಡೆ ಡಬ್ಬಿ ತಂದುಕೊಡು. ಸುಮ್ನೆ ಬಂದ ಗಿರಾಕಿಯನ್ನು ಚಿಲ್ಲರೆ ಇಲ್ಲ ಅಂತ ಕಳಿಸಬೇಡ.

ಫ್ಯಾನ್ಸಿ ಅಂಗಡಿ ತಮ್ಮ:

ಇಷ್ಟು ಜನ ಬರೀತೀರಿ ಅಂದುಕೊಂಡಿರಲಿಲ್ಲ, ಖುಷಿ ಆಯ್ತು ರೀ. ನಿನ್ನೆ ಹಾವೇರಿಗೆ ಹೋಗಿದ್ದೆ. ರಿಬ್ಬನ್ನು, ದಾರ, ಬತ್ತಿ, ಹುಕ್ಕು, ಫಾಲ್ ಎಲ್ಲ ತಂದೆ. ಬಲೂನು ಪಂಪು ಹತ್ತು ತಂದಿದ್ದೀನಿ, ಒಂದನ್ನು ಕೋಡಣಸು ಅಣ್ಣನ ಹೆಸರಲ್ಲಿ ಎತ್ತಿಟ್ಟಿದ್ದೀನಿ, ದುಡ್ಡು ಮಾತ್ರ ಮೊದಲೇ. ಕೊಬ್ಬರಿ ಇಲ್ಲ, ಪಟಾಕಿ ಇಲ್ಲ. ಭಾವ ಎರಡು ದಿನದಿಂದ ಮಾತಾಡ್ತಿಲ್ಲ.

ಪಾಡ್ಯದ ದಿನ ಬೆಳಿಗ್ಗೆ ಐದಕ್ಕೆ ತೆಗೆದು ಎಂಟಕ್ಕೆ ಶಟರ್ ಎಳೀತೀನಿ ಮೇಷ್ಟ್ರೇ. ಹೋರಿ ಬಿಡೋದು ಹತ್ತರ ಮೇಲೆ. ಕಟ್ಟೆ ಮೇಲೆ ಯಾರೂ ನಿಲ್ಲದ ಹಾಗೆ ಅಂಗಡಿ ಬೆಂಚು ಅಡ್ಡ ಹಾಕ್ತೀನಿ.

ಅಕ್ಕಾ, ಟೀಶರ್ಟ್ ಕಾಟನ್ನೇ. ಗುರುವಾರ ಬ್ಯಾಡಗಿಗೆ ಬರುವಾಗ ಗಂಟು ಕಟ್ಟಿ ತರ್ತೀನಿ. ಅಪ್ಪನದ್ದನ್ನೂ ಕೇಳಿದೆ, 38 ಆಗುತ್ತೆ ಅಂತ. ಕೊಡಲ್ಲ ಅಂದರು. ಆ ಹೋರಿಯ ಕಾಲು ಈಗ ಸರಿಹೋಗಿದೆಯಂತೆ, ಈ ಸಲ ಬಿಡ್ತಾರಂತೆ, ಅವತ್ತು ಹಾಕಿಕೊಳ್ಳೋಕೆ ಬೇಕಂತೆ.