ಶೇಕಡಾ 40ರ ಗೆರೆ ಮತ್ತು ಹಿಮೋಫಿಲಿಯಾ

ಪ್ರಶ್ನೆ: ನನ್ನ ತಮ್ಮನಿಗೆ ಹಿಮೋಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ಇದೆ. ಮೊಣಕಾಲಿನೊಳಗೆ ರಕ್ತಸ್ರಾವವಾದರೆ ದಿನಗಟ್ಟಲೆ ಹಾಸಿಗೆ ಬಿಟ್ಟೇಳಲಾರ. ಆದರೆ ತಪಾಸಣೆಯ ದಿನ ನಡೆದೇ ಹೋದದ್ದರಿಂದ ವೈಕಲ್ಯ ಪ್ರಮಾಣಪತ್ರದಲ್ಲಿ ವೈಕಲ್ಯ ಶೇಕಡಾ 30 ಎಂದು ಬರೆದಿದ್ದಾರೆ. ಮುಂದೇನು ಮಾಡಬಹುದು?

ಉತ್ತರ 1: 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಗುರುತಿಸಿದ 21 ವೈಕಲ್ಯಗಳಲ್ಲಿ ಹಿಮೋಫಿಲಿಯಾ ಕೂಡ ಒಂದು. ನಿರ್ಧಾರ ಒಪ್ಪಿಗೆಯಾಗದಿದ್ದರೆ ಅದರ 59ನೇ ಕಲಮಿನಡಿ ಮೇಲ್ಮನವಿಗೆ ಅವಕಾಶವಿದೆ. ಪ್ರತಿ ರಕ್ತಸ್ರಾವದ ಆಸ್ಪತ್ರೆ ಚೀಟಿ, ಫ್ಯಾಕ್ಟರ್ (ರಕ್ತ ಹೆಪ್ಪುಗಟ್ಟಿಸುವ ಅಂಶ) ಚುಚ್ಚುಮದ್ದಿನ ದಾಖಲೆ ಮತ್ತು ಕೀಲಿನ ಎಕ್ಸ್‌ರೇಗಳನ್ನು ದಿನಾಂಕವಾರು ಜೋಡಿಸಿ ಲಗತ್ತಿಸಿ.

ಉತ್ತರ 2: ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿನ ಶೇಕಡಾ 5 ಮೀಸಲಾತಿಗೆ ಕನಿಷ್ಠ ಶೇಕಡಾ 40 ವೈಕಲ್ಯ ಇರಲೇಬೇಕು. ಆದರೆ ಪರೀಕ್ಷೆಯಲ್ಲಿ ಅಭ್ಯರ್ಥಿಯ ಪರವಾಗಿ ಉತ್ತರ ಬರೆದುಕೊಡುವವರ ನೆರವಿಗೆ ಆ ಮಿತಿ ಅಡ್ಡಿಯಾಗಬಾರದೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ.

ಉತ್ತರ 3: ಸುಳ್ಳು ಪ್ರಮಾಣಪತ್ರಗಳನ್ನು ತಡೆಯಲು ಕಟ್ಟುನಿಟ್ಟು ಬೇಕೆಂಬುದನ್ನು ಒಪ್ಪುತ್ತೇನೆ. ಆದರೆ ಏರಿಳಿತವಿರುವ ಕಾಯಿಲೆಯನ್ನು ಒಂದು ಬೆಳಗಿನ ನಡಿಗೆ ನೋಡಿ ಅಳೆಯುವುದು ಅನ್ಯಾಯ. ತಮ್ಮನ ಕಾಲೇಜಿನ ಹಾಜರಿ ಪ್ರತಿಯನ್ನೂ ಮೇಲ್ಮನವಿಗೆ ಸೇರಿಸಿ.