ಮಗಳು ಕಾಕ್‌ಟೇಲ್ ಬಾರಿಗೆ ಕರೆದಿದ್ದಾಳೆ, ನಾನು ಏನು ಆರ್ಡರ್ ಮಾಡ್ಲಿ?

ಲಾಲ್‌ಬಾಗ್ ಕೌಂಟರ್:

ನಮಸ್ಕಾರ. ಡೊಂಬಿವಲಿಯಿಂದ ಬರೆಯುತ್ತಿದ್ದೇನೆ. ಊರು ಕುಂದಾಪುರ ಹತ್ತಿರ. 1986ರಲ್ಲಿ ಮುಂಬೈಗೆ ಬಂದು ಮೊದಲು ಕಪ್ಪು-ಬಸಿ ತೊಳೆದೆ, ಆಮೇಲೆ ಟೇಬಲ್ ನೋಡಿಕೊಂಡೆ, ಆಮೇಲೆ ಲಾಲ್‌ಬಾಗಿನ ಒಂದು ಪರ್ಮಿಟ್ ರೂಮಿನ, ಅಂದರೆ ಲೈಸೆನ್ಸ್ ಇರುವ ಸಾಧಾರಣ ಬಾರಿನ, ಕೌಂಟರ್. ಕೌಂಟರಲ್ಲೇ 24 ವರ್ಷ. ಇಂಥವನು ಬಾರಿಗೆ ಹೋಗೋದು ಹೇಗೆ ಅಂತ ಕೇಳಿದರೆ ನಗ್ತೀರಿ. ನಗಿ, ಪರವಾಗಿಲ್ಲ.

ಬರುವ ಶನಿವಾರ ಮಗಳಿಗೆ 25 ತುಂಬುತ್ತದೆ. "ಪಪ್ಪಾ, ಈಗ ನಾನು ಲೀಗಲ್" ಅಂದಳು. ಮಹಾರಾಷ್ಟ್ರದಲ್ಲಿ ವಿಸ್ಕಿ, ರಮ್ಮಿಗೆ 25 ಆಗಿರಬೇಕು ಅಂತ ಅವಳಿಗೆ ಹೇಳಿಕೊಟ್ಟವನೇ ನಾನು. ಈಗ ಅದನ್ನೇ ಹಿಡಿದುಕೊಂಡು ನನ್ನನ್ನೂ ಅವಳ ಅಮ್ಮನನ್ನೂ ಲೋವರ್ ಪರೇಲ್‌ನ ಒಂದು ಲೌಂಜಿಗೆ ಕರೆಯುತ್ತಿದ್ದಾಳೆ. ದುಡ್ಡು ಅವಳದ್ದೇ.

ಆ ಜಾಗ ಇರೋದು ಹಳೇ ಮಿಲ್ ಕಾಂಪೌಂಡಿನ ಒಳಗೆ. ಅಲ್ಲಿನ ಕೆಲಸಗಾರರು ಮೊದಲ ಶಿಫ್ಟ್ ಮುಗಿಸಿ ಸಂಜೆ ನಮ್ಮಲ್ಲಿಗೆ ಬರುತ್ತಿದ್ದರು. 1982ರ ಮಿಲ್ ಕಾರ್ಮಿಕರ ಮುಷ್ಕರದ ನಂತರ ಎಷ್ಟೋ ಮಿಲ್ಲುಗಳು ಎದ್ದೇಳಲೇ ಇಲ್ಲ. ಕೆಲಸ ಉಳಿದವರು ಬಂದು ಒಂದು ಕ್ವಾರ್ಟರ್ ಹೇಳಿ, ಚಕ್ನಾ (ಜೊತೆಗೆ ನಂಚಿಕೊಳ್ಳುವ ತಿಂಡಿ) ಮಾತ್ರ ಮೂರು ಸಲ ಕೇಳುತ್ತಿದ್ದರು. ಬೇಯಿಸಿದ ಕಡಲೆ, ಮೇಲೆ ಈರುಳ್ಳಿ. ಬಿಟ್ಟಿ ತಾನೇ.

ಮಗಳು ಮೊಬೈಲಲ್ಲಿ ಮೆನು ತೋರಿಸಿದಳು. ಒಂದು ಗ್ಲಾಸಿಗೆ 950 ರೂಪಾಯಿ! ಅದರಲ್ಲಿ ಎಷ್ಟು ಎಂಎಲ್ ಇರುತ್ತೆ ಅಂತ ಎಲ್ಲೂ ಬರೆದಿಲ್ಲ. ನಮ್ಮಲ್ಲಿ ಗಿರಾಕಿಯ ಕಣ್ಣೆದುರೇ ಪೆಗ್ ಅಳೆದು ಹೊಯ್ಯಬೇಕಿತ್ತು, ಇಲ್ಲದಿದ್ದರೆ ಜಗಳ. ಇಲ್ಲಿ ಯಾರು ಅಳೀತಾರೆ? ನನಗೆ ಗೊತ್ತಿರೋದು ರಮ್, ನೀರು, ಅಷ್ಟೇ. ನಮ್ಮವಳು ಕುಡಿಯುವುದಿಲ್ಲ, ಶನಿವಾರ ಮೊಟ್ಟೆ ಕೂಡ ಮುಟ್ಟುವುದಿಲ್ಲ. ಅವಳಿಗೆ ಏನು ಹೇಳೋದು? ಬಿಲ್ಲಲ್ಲಿ ಏನೇನು ಸೇರಿಸ್ತಾರೆ? ಚಪ್ಪಲಿ ಹಾಕಿಕೊಂಡು ಹೋದರೆ ಒಳಗೆ ಬಿಡ್ತಾರಾ?

ಇನ್ನೊಂದು. ನಾನು ಇಲ್ಲಿಯವರೆಗೆ ಮಗಳೆದುರು ಕುಡಿದವನಲ್ಲ. ಭಾನುವಾರದ ಎರಡು ಪೆಗ್ ಕೂಡ ಅಡುಗೆಮನೆಯಲ್ಲಿ ನಿಂತೇ ಮುಗಿಸುತ್ತೇನೆ. ಇದು ಪ್ರಶ್ನೆ ಅಲ್ಲ, ಸುಮ್ನೆ ಹೇಳಿದೆ.

ಪಣಜಿ ಪೋರ:

ಅಣ್ಣಾ, ನಾನು ಇದೇ ಕೆಲಸದವನು. ಮೊದಲು ಬಾಂದ್ರಾದಲ್ಲಿದ್ದೆ, ಈಗ ಗೋವಾದಲ್ಲಿ.

ಅಳತೆ ಇಲ್ಲ ಅಂದುಕೊಳ್ಳಬೇಡಿ. ಜಿಗ್ಗರ್ ಅಂತ ಇರುತ್ತೆ, ಡಮರು ಥರ. ಸಾಮಾನ್ಯವಾಗಿ ಒಂದು ಕಡೆ 30 ಎಂಎಲ್, ಇನ್ನೊಂದು ಕಡೆ 60. ಹೆಚ್ಚಿನ ಕಾಕ್‌ಟೇಲಲ್ಲಿ 45ರಿಂದ 60 ಎಂಎಲ್ ಮದ್ಯ ಇದ್ದೇ ಇರುತ್ತೆ. ನೋಡೋಕೆ ಶರಬತ್ತು, ಲೆಕ್ಕದಲ್ಲಿ ನಿಮ್ಮ ಲಾರ್ಜ್ ಪೆಗ್ಗೇ. ಟೇಬಲ್ ಬೇಡ, ಬಾರ್ ಕೌಂಟರಲ್ಲೇ ಕೂತುಕೊಳ್ಳಿ. ಎಲ್ಲ ನಿಮ್ಮ ಕಣ್ಣೆದುರೇ ನಡೆಯುತ್ತೆ.

ನಿಮಗೆ ಓಲ್ಡ್ ಫ್ಯಾಷನ್ಡ್ ಸರಿ. ಅದನ್ನು ವಿಸ್ಕಿಯಲ್ಲಿ ಮಾಡೋದು, ಆದರೆ "ರಮ್ಮಲ್ಲಿ ಮಾಡಿಕೊಡಿ" ಅಂದರೆ ಯಾರೂ ಇಲ್ಲ ಅನ್ನಲ್ಲ. 60 ಎಂಎಲ್ ರಮ್, ಚೂರು ಸಕ್ಕರೆ, ಎರಡು ತೊಟ್ಟು ಬಿಟರ್ಸ್ ಅನ್ನೋ ಕಹಿ ಸಾರ, ಮೇಲೆ ಕಿತ್ತಳೆ ಸಿಪ್ಪೆ ಹಿಂಡಿ ಕೊಡ್ತಾರೆ. ನಿಮ್ಮ ರಮ್ಮೇ, ಸ್ವಲ್ಪ ಅಲಂಕಾರ. ನೆಗ್ರೋನಿ ಅಂತ ಒಂದಿದೆ: ಜಿನ್, ಕಾಂಪಾರಿ ಅನ್ನೋ ಕಹಿ ಮದ್ಯ, ಸ್ವೀಟ್ ವರ್ಮೂತ್ ಅನ್ನೋ ಮಸಾಲೆ ವೈನ್, ಮೂರೂ ಸಮ ಸಮ. ಕಹಿ. ಕಷಾಯ ಕುಡಿದು ಬೆಳೆದವರಿಗೆ ಎರಡನೇ ಸಲಕ್ಕೆ ಹಿಡಿಸುತ್ತೆ, ಮೊದಲ ಸಲಕ್ಕೆ ಬೇಡ. ಲಾಂಗ್ ಐಲ್ಯಾಂಡ್ ಅಂದರೆ ದೂರ ಇರಿ. ವೋಡ್ಕಾ, ಜಿನ್, ರಮ್, ಟಕೀಲಾ ಎಲ್ಲ ಒಂದೇ ಲೋಟದಲ್ಲಿ, ಕುಡಿಯುವಾಗ ಗೊತ್ತೇ ಆಗಲ್ಲ. ಆಮೇಲೆ ಡೊಂಬಿವಲಿ ದೂರ.

ಮುಖ್ಯವಾದ ಮಾತು: ಕಾಕ್‌ಟೇಲ್ ಮಾಡುವ ಹುಡುಗ ನಿಮ್ಮ ಡ್ರಿಂಕಿಗೆ ಸ್ಟ್ರಾ ಅದ್ದಿ, ಮೇಲಿನ ತುದಿಗೆ ಬೆರಳು ಒತ್ತಿ, ಎತ್ತಿ ಒಂದು ತೊಟ್ಟು ಬಾಯಿಗೆ ಬಿಟ್ಟುಕೊಳ್ತಾನೆ. ಕದ್ದು ಕುಡಿದ ಅಂತ ಬೈಬೇಡಿ! ಹುಳಿ-ಸಿಹಿ ಸರಿ ಇದೆಯಾ ನೋಡೋದು ಹಾಗೆಯೇ.

ಅತ್ತಿಗೆಗೆ ಏನೇ ಹೇಳಿದರೂ "ಮೇಲಿನ ನೊರೆ ಯಾವುದರದ್ದು" ಅಂತ ಕೇಳಿ. ಸವರ್ ಅಂತ ಹೆಸರಿದ್ದರೆ ಮೊಟ್ಟೆಯ ಬಿಳಿ ಇರುವ ಸಾಧ್ಯತೆ ಜಾಸ್ತಿ.

ಬೆಲೆ ವಿಷಯಕ್ಕೆ ಏನೂ ಹೇಳಲ್ಲ. ಇಲ್ಲಿ ಏಪ್ರಿಲ್-ಮೇನಲ್ಲಿ ಹಳ್ಳಿಯವರು ಗೇರುಹಣ್ಣಿನ ಮದ್ಯ ಉರ‍್ರಾಕಿಗೆ ಲಿಮ್ಕಾ ಬೆರೆಸಿ, ಹಸಿ ಮೆಣಸು ಸೀಳಿ ಹಾಕಿ, ಸ್ಟೀಲ್ ಲೋಟದಲ್ಲಿ ಕುಡೀತಾರೆ. ಅದನ್ನೇ ನಾವು ಉದ್ದ ಗ್ಲಾಸಿಗೆ ಹಾಕಿ ಮಾರುತ್ತೇವೆ.

ಸಯನ್ ಸರ್ಕಲ್:

950ಕ್ಕೆ ಬಾಟಲಿಯೇ ಬರುತ್ತಲ್ಲ ಸ್ವಾಮಿ. ಮನೆಯಲ್ಲೇ ಕೂತು ಬಂಗುಡೆ ಹುರಿದುಕೊಂಡು ಕುಡಿಯಿರಿ.

ಹೋಗುವುದೇ ಅಂತಾದರೆ, ಒಳಗೆ ಕಾಲಿಟ್ಟ ಕೂಡಲೇ ಎರಡನೇ ಬಾಗಿಲು ಎಲ್ಲಿದೆ ನೋಡಿಕೊಳ್ಳಿ. ತಮಾಷೆ ಅಲ್ಲ. 2017ರ ಡಿಸೆಂಬರಲ್ಲಿ ಅದೇ ಲೋವರ್ ಪರೇಲ್‌ನ ಕಮಲಾ ಮಿಲ್ಸ್ ಬೆಂಕಿಯಲ್ಲಿ 14 ಜನ ಹೋದರು, ಅದೂ ಒಬ್ಬಳ ಹುಟ್ಟುಹಬ್ಬದ ರಾತ್ರಿ. ವಾಪಸ್ ಬರುವಾಗ ದಾದರಿಗೆ ಹೋಗಿ ಬದಲಿಸುವ ಗೋಜು ಬೇಡ, ಕರಿ ರೋಡ್ ತನಕ ನಡೆದು ಅಲ್ಲೇ ಸ್ಲೋ ಲೋಕಲ್ ರೈಲು ಹಿಡಿಯಿರಿ.

ಮುಲುಂಡ್ ಅಕ್ಕ:

ಬಿಲ್ ಬಗ್ಗೆ ನಾನು ಹೇಳ್ತೇನೆ, ದಿನಾ ಅದೇ ಕೆಲಸ. ಎರಡು ಭಾಗ ಇರುತ್ತೆ. ತಿಂಡಿಗೆ ಜಿಎಸ್‌ಟಿ, ಸಾಮಾನ್ಯವಾಗಿ 5%. ಮದ್ಯ ಜಿಎಸ್‌ಟಿಗೆ ಬರುವುದಿಲ್ಲ, ಅದಕ್ಕೆ ರಾಜ್ಯದ ತೆರಿಗೆ, ವ್ಯಾಟ್. 2023ರ ನವೆಂಬರಲ್ಲಿ ಅದನ್ನು 5ರಿಂದ 10%ಗೆ ಏರಿಸಿದರು. ಸರ್ವಿಸ್ ಚಾರ್ಜ್ ಕಡ್ಡಾಯ ಅಲ್ಲ. ಗ್ರಾಹಕ ಪ್ರಾಧಿಕಾರ 2022ರಲ್ಲೇ ಹೇಳಿತ್ತು, 2025ರ ಮಾರ್ಚಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿ ಹಿಡಿಯಿತು. ಬೇಡ ಅನಿಸಿದರೆ ತೆಗೀರಿ ಅಂತ ಹೇಳಿ. ಚಪ್ಪಲಿ ಬೇಡ ಅಣ್ಣ, ಶೂ ಹಾಕಿ.

ನೀವು "ಪ್ರಶ್ನೆ ಅಲ್ಲ" ಅಂತ ಬರೆದಿದ್ದೀರಲ್ಲ, ಪ್ರಶ್ನೆ ಇರೋದೇ ಅದೊಂದು. ಅವಳ ಶಾಲೆ ಫೀಸು, ಕಾಲೇಜು ಫೀಸು ಎಲ್ಲ ಬಂದದ್ದು ಪೆಗ್ ಅಳೆದ ದುಡ್ಡಿನಿಂದ ತಾನೇ? ಅವಳಿಗೆ ಗೊತ್ತಿಲ್ವಾ?

ಲಾಲ್‌ಬಾಗ್ ಕೌಂಟರ್:

ಹೋಗಿ ಬಂದೆವು. ಶೂ ಹಾಕಿದ್ದೆ.

ಒಳಗೆ ಎಷ್ಟು ಕತ್ತಲೆ ಅಂದರೆ ನಮ್ಮವಳು ಮೊಬೈಲ್ ಟಾರ್ಚ್ ಹಾಕಿ ಮೆನು ಓದಿದಳು. ಅವಳ ಗ್ಲಾಸಿನ ಮೇಲೆ ಎರಡು ಬೆರಳು ಎತ್ತರ ಬಿಳಿ ನೊರೆ. ಕೇಳಿದೆವು. "ಮೊಟ್ಟೆ ಅಲ್ಲ ಆಂಟಿ, ಕಾಬೂಲಿ ಕಡಲೆ ಬೇಯಿಸಿದ ನೀರು, ಅದನ್ನು ಶೇಕ್ ಮಾಡಿದರೆ ಹೀಗೇ ನೊರೆ ಬರುತ್ತೆ" ಅಂದ ಹುಡುಗ. ಅವಳು ನನ್ನ ಮುಖ ನೋಡಿದಳು. "ಆ ನೀರು ನಾನು ದಿನಾ ಸಾರಿಗೆ ಹಾಕ್ತೇನೆ. ಇಲ್ಲಿ 550 ರೂಪಾಯಿಯಾ?" ಆದರೆ ಕೊನೆಯ ತೊಟ್ಟಿನವರೆಗೂ ಕುಡಿದಳು. ಮಗಳು ಪಿಕಾಂಟೆ ಅಂತ ತರಿಸಿದಳು. ಟಕೀಲಾ, ನಿಂಬೆ, ಹಸಿಮೆಣಸು, ಕೊತ್ತಂಬರಿ ಸೊಪ್ಪು. ಮೂಸಿದರೆ ದೋಸೆ ಜೊತೆಯ ಚಟ್ನಿ!

ಪಣಜಿ ತಮ್ಮ ಹೇಳಿದ ಹಾಗೆ ಕೌಂಟರಲ್ಲೇ ಕೂತೆವು. ಆ ಕಡೆ ನಿಂತು ಅಭ್ಯಾಸ ಇದ್ದವನಿಗೆ ಈ ಕಡೆ ಎತ್ತರದ ಸ್ಟೂಲಲ್ಲಿ ಕೂತರೆ ಕೈ ಎಲ್ಲಿಡಬೇಕು ಅಂತ ತಿಳಿಯುವುದಿಲ್ಲ. ಗ್ಲಾಸಿನಿಂದ ಇಳಿದ ನೀರನ್ನು ಎರಡು ಸಲ ಟಿಶ್ಯೂ ತೆಗೆದು ನಾನೇ ಒರೆಸಿದೆ. ಹುಡುಗ ಜಿಗ್ಗರನ್ನು ಅಂಚಿನವರೆಗೂ ತುಂಬಿದ, ಮದ್ಯ ಅಂಚಿನ ಮೇಲೆ ಉಬ್ಬಿ ನಿಂತಿತ್ತು. ಕೈ ಶುದ್ಧ. ಅಷ್ಟರಲ್ಲಿ ಸ್ಟ್ರಾ ಅದ್ದಿದ ನೋಡಿ, ನನಗೆ ನಗು ತಡೆಯಲಿಲ್ಲ.

"ಏನು ಪಪ್ಪಾ?" ಅಂದಳು. ಹೇಳಿದೆ. ಹೇಳುತ್ತಾ ಹೇಳುತ್ತಾ ಮಾತು ಎಲ್ಲಿಗೋ ಹೋಯಿತು. ನಮ್ಮ ಕೌಂಟರಿನ ಒನ್ ಡೇ ಪರ್ಮಿಟ್ (ಒಂದು ದಿನ ಕುಡಿಯುವ ಪರವಾನಗಿ ಚೀಟಿ) ಪುಸ್ತಕ, 5 ರೂಪಾಯಿಯದ್ದು, ರಾತ್ರಿ ಕೂತು ಅದರ ಲೆಕ್ಕ ಬರೆಯುತ್ತಿದ್ದದ್ದು. ಆಮೇಲೆ ಪಗಾರದ ದಿನದ ಕತೆ. ಮಿಲ್ಲಿನ ಕೆಲವರು ಬಂದ ಕೂಡಲೇ ಪಗಾರದ ಲಕೋಟೆ ನನ್ನ ಕೈಗೆ ಕೊಟ್ಟು, ನೂರು ರೂಪಾಯಿ ಮಾತ್ರ ಇಟ್ಟುಕೊಳ್ಳುತ್ತಿದ್ದರು. ಕುಡಿದ ಮೇಲೆ ಅವರೇ ಬಂದು ಕೇಳಿದರೂ ಕೊಡಬಾರದು ಅಂತ ಮೊದಲೇ ಹೇಳಿರುತ್ತಿದ್ದರು. ಬೈಯುತ್ತಿದ್ದರು, ಮೇಜು ಗುದ್ದುತ್ತಿದ್ದರು, ನಾನು ಕೊಡುತ್ತಿರಲಿಲ್ಲ. ಬೆಳಗ್ಗೆ ಹೆಂಡತಿಯರು ಬಂದು ಒಯ್ಯುತ್ತಿದ್ದರು. ಒಂದು ಸಲ ಗಲ್ಲಾ ಕೆಳಗೆ ಹನ್ನೊಂದು ಲಕೋಟೆ ಇಟ್ಟುಕೊಂಡು ರಾತ್ರಿಯಿಡೀ ಅಲ್ಲೇ ಮಲಗಿದ್ದೆ, ನಿದ್ದೆ ಬರಲಿಲ್ಲ.

ಮಗಳು ಗ್ಲಾಸು ಮುಟ್ಟದೆ ಕೇಳುತ್ತಿದ್ದಳು. ಆ ಹುಡುಗನೂ ಶೇಕರ್ ಹಿಡಿದು ನಿಂತುಬಿಟ್ಟಿದ್ದ. ಇದೆಲ್ಲ ಮನೆಯಲ್ಲಿ ಒಂದು ದಿನವೂ ಹೇಳಿರಲಿಲ್ಲ. ಬಾರಿನ ಮಾತು ಮನೆಗೆ ತರಬಾರದು ಅಂತ ಇದ್ದೆ.

ರಮ್ ಚೆನ್ನಾಗಿತ್ತು. ಕಿತ್ತಳೆ ವಾಸನೆ ಮೊದಲು ಮೂಗಿಗೆ, ಆಮೇಲೆ ಬಾಯಿಗೆ ರಮ್. ಒಂದೇ ಸಾಕು ಅಂದೆ. ಬಿಲ್ ನಾಲ್ಕು ಸಾವಿರ ದಾಟಿತು. ಟಿಶ್ಯೂ ಮೇಲೆ ಕೂಡಿಸಿ ನೋಡಿದೆ, ಸರಿ ಇತ್ತು. ಸರ್ವಿಸ್ ಚಾರ್ಜ್ ತೆಗೆಸಬಹುದು ಅಂತ ಮುಲುಂಡ್ ಅಕ್ಕನ ಮಾತು ಹೇಳಿದೆ. "ನೀವೇ ಹೀಗೆ ಹೇಳ್ತೀರಾ ಪಪ್ಪಾ?" ಅಂದಳು. ಸುಮ್ಮನಾದೆ.

ಕರಿ ರೋಡಲ್ಲಿ ರೈಲಿಗೆ ಕಾಯುವಾಗ ಮೆಲ್ಲಗೆ ಹೇಳಿದಳು, "ಭಾನುವಾರ ಅಡುಗೆಮನೆಯಲ್ಲಿ ನಿಂತು ಕುಡೀಬೇಡಿ. ಕಾಲು ನೋವು ಅಂತೀರಿ. ನನಗೆ ಆರನೇ ಕ್ಲಾಸಿಂದ ಗೊತ್ತು."

ಪಣಜಿ ತಮ್ಮಾ, ಆ ಒಂದೇ ದೊಡ್ಡ ಐಸ್ ಗಡ್ಡೆ ಇತ್ತಲ್ಲ, ಗಾಜಿನ ಥರ, ಒಂದು ಗುಳ್ಳೆ ಇಲ್ಲ. ಅದನ್ನು ಮನೆಯ ಫ್ರಿಜ್ಜಲ್ಲಿ ಮಾಡೋಕೆ ಆಗುತ್ತಾ?

ಪಣಜಿ ಪೋರ:

ಆಗುತ್ತೆ ಅಣ್ಣಾ. ಸಣ್ಣ ಥರ್ಮಾಕೋಲ್ ಡಬ್ಬಿಗೆ ನೀರು ತುಂಬಿ, ಮುಚ್ಚಳ ಹಾಕದೆ ಫ್ರೀಜರಲ್ಲಿಡಿ. ಮೇಲಿಂದ ಕೆಳಗೆ ಹೆಪ್ಪುಗಟ್ಟುತ್ತಾ ಗಾಳಿಯನ್ನೆಲ್ಲ ಕೆಳಕ್ಕೆ ತಳ್ಳುತ್ತೆ. ಪೂರ್ತಿ ಗಟ್ಟಿಯಾಗುವ ಮೊದಲೇ ತೆಗೆದು, ಕೆಳಗಿನ ಮಬ್ಬು ಭಾಗ ಬಿಟ್ಟು ಉಳಿದದ್ದನ್ನು ಕತ್ತರಿಸಿ. ಭಾನುವಾರಕ್ಕೆ ಬೇಕಾದರೆ ಶನಿವಾರ ಮಧ್ಯಾಹ್ನವೇ ಇಡಿ.