ಸದ್ದು ಏರಿಸಿದರೆ ಚೆಂಡೆ ಒಡೆಯುತ್ತದೆ: ಕಾರಿಗೆ ಯಾವ ಸ್ಪೀಕರ್ ಸೂಕ್ತ?

ತೆಂಕುತಿಟ್ಟು ಪುತ್ತೂರು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನದು ಐದು ವರ್ಷ ಹಳೆಯ ಸಣ್ಣ ಹ್ಯಾಚ್‌ಬ್ಯಾಕ್ ಕಾರು. ನಾಲ್ಕೂ ಬಾಗಿಲುಗಳಲ್ಲಿ ಆರೂವರೆ ಇಂಚಿನ ಸ್ಪೀಕರ್‌ಗಳಿವೆ. ಅವೆಲ್ಲ ಕಾರಿನೊಂದಿಗೇ ಬಂದವು. ಸ್ಟೀರಿಯೊವನ್ನು ಮಾತ್ರ ಎರಡು ವರ್ಷಗಳ ಹಿಂದೆ ಹೊರಗೆ ಕೊಂಡು ಹಾಕಿಸಿದ್ದೆ. ಅದರ ಪೆಟ್ಟಿಗೆಯ ಮೇಲೆ '50 ವ್ಯಾಟ್ × 4' ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚಾಗಿದೆ. ತಿಂಗಳಿಗೆ ಎರಡು ಸಲವಾದರೂ ಶಿರಾಡಿ ಘಾಟಿಯ ಮೂಲಕ ಬೆಂಗಳೂರಿಗೆ ಹೋಗಿಬರುವ ನನಗೆ ಆ ಆರೇಳು ಗಂಟೆಗಳ ಸಂಗಾತಿಗಳೆಂದರೆ ಯಕ್ಷಗಾನದ ಧ್ವನಿಮುದ್ರಣಗಳು, ತಾಳಮದ್ದಳೆ, ನಡುನಡುವೆ ಒಂದಷ್ಟು ಭಾವಗೀತೆ.

ಘಾಟಿಯ ತಿರುವುಗಳಲ್ಲಿ ನಿಧಾನವಾಗಿ ಹೋಗುವಾಗ ದೂರುವಂಥದ್ದು ಏನೂ ಇಲ್ಲ. ಹಾಸನ ದಾಟಿ ವೇಗ ತೊಂಬತ್ತಕ್ಕೆ ಏರಿತೆಂದರೆ ಟೈರಿನ ಸದ್ದಿನಲ್ಲಿ ಮದ್ದಳೆ ಮುಳುಗಿಹೋಗುತ್ತದೆ. ಸರಿ ಎಂದು ವಾಲ್ಯೂಮ್ ಏರಿಸಿದರೆ, 40ರಲ್ಲಿ 26 ದಾಟುತ್ತಿದ್ದಂತೆ, ಭಾಗವತರ ಸ್ವರ ಇನ್ನೂ ಸರಿಯಾಗಿಯೇ ಇರುವಾಗ ಚೆಂಡೆಯ ಪೆಟ್ಟು ಮಾತ್ರ ಸೀಮೆಎಣ್ಣೆ ಡಬ್ಬಕ್ಕೆ ಕೋಲಿನಿಂದ ಬಡಿದಂತೆ ಕೇಳುತ್ತದೆ.

ಕಳೆದ ವಾರ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಮೂರು ಅಂಗಡಿಗಳನ್ನು ಹತ್ತಿಳಿದೆ. ಒಬ್ಬರು 400 ವ್ಯಾಟ್ ಸ್ಪೀಕರ್ ಹಾಕಿಸಿದರೆ ಎಷ್ಟು ಏರಿಸಿದರೂ ಒಡೆಯುವುದಿಲ್ಲವೆಂದರು, ಇನ್ನೊಬ್ಬರು ಹಿಂದಿನ ಹಲಗೆಯ ಮೇಲೆ ಆರು-ಒಂಬತ್ತು ಇಂಚಿನ ಅಂಡಾಕಾರದ ಜೋಡಿಯನ್ನು ಕೂರಿಸಿ ಎಂದರು, ಮೂರನೆಯವರು ಟ್ವೀಟರ್ (ಮೇಲ್‌ಸ್ವರಗಳ ಪುಟ್ಟ ಸ್ಪೀಕರ್) ಬೇರೆಯಾಗಿರುವ ಕಾಂಪೊನೆಂಟ್ ಸೆಟ್ ತೋರಿಸಿದರು. ನನ್ನ ಕೈಯಲ್ಲಿರುವುದು 18,000 ರೂಪಾಯಿ. ಜೋರೂ ಬೇಕು, ಇಂಪೂ ಬೇಕು; ಎರಡರಲ್ಲಿ ಒಂದನ್ನು ಬಿಡಲೇಬೇಕೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಬೆಸುಗೆಗೋಲು

ನಿಮ್ಮ ವಿವರಣೆಯಲ್ಲೇ ಅರ್ಧ ಉತ್ತರ ಇದೆ. ಸ್ವರ ಕೆಡದೆ ಚೆಂಡೆಯಷ್ಟೇ ಒಡೆಯುತ್ತಿದೆ ಎಂದರೆ ಸೋಲುತ್ತಿರುವುದು ಬಹುಮಟ್ಟಿಗೆ ಸ್ಪೀಕರ್ ಅಲ್ಲ, ಅದಕ್ಕೆ ಶಕ್ತಿ ಒದಗಿಸುವ ಸ್ಟೀರಿಯೊ.

ಪೆಟ್ಟಿಗೆಯ ಮೇಲಿನ 50 ವ್ಯಾಟ್ ಎಂಬುದು ಗರಿಷ್ಠದ ಅಂಕಿ. ಎಂಜಿನ್ ಓಡುತ್ತಿರುವಾಗ ಕಾರಿನಲ್ಲಿ ಸಿಗುವುದು ಹೆಚ್ಚೆಂದರೆ 14.4 ವೋಲ್ಟ್, ಸಾಮಾನ್ಯ ಸ್ಟೀರಿಯೊದೊಳಗಿನ ಚಿಪ್ ಅದನ್ನು ಹಾಗೆಯೇ ಬಳಸುವುದರಿಂದ 4 ಓಮ್ (ವಿದ್ಯುತ್ ತಡೆಯ ಅಳತೆ) ಸ್ಪೀಕರ್‌ಗೆ ಅದು ಒಡೆಯದೆ ಕೊಡಬಹುದಾದದ್ದು ಲೆಕ್ಕದ ಪ್ರಕಾರವೇ 26 ವ್ಯಾಟ್, ನಷ್ಟ ಕಳೆದರೆ 18ರಿಂದ 20 ವ್ಯಾಟ್. ಇನ್ನು ಚೆಂಡೆಯ ವಿಷಯ. ಭಾಗವತರ ಪದ ಸರಾಸರಿ ಒಂದು ವ್ಯಾಟ್‌ನಲ್ಲಿ ನಡೆಯುತ್ತಿದೆ ಎಂದುಕೊಳ್ಳಿ. ಚೆಂಡೆಯ ಒಂದು ಪೆಟ್ಟು ಆ ಸರಾಸರಿಗಿಂತ 12 ಡೆಸಿಬೆಲ್ (ಸದ್ದಿನ ಅಳತೆ; 3 ಏರಿದರೆ ಶಕ್ತಿ ಎರಡು ಪಟ್ಟು) ಮೇಲಕ್ಕೆ ಚಿಮ್ಮಿದರೆ ಆ ಕ್ಷಣಕ್ಕೆ ಬೇಕಾಗುವುದು ಹದಿನಾರು ವ್ಯಾಟ್. ಅದನ್ನು ಸ್ಟೀರಿಯೊ ಹೇಗೋ ನಿಭಾಯಿಸುತ್ತದೆ. ನೀವು ವಾಲ್ಯೂಮನ್ನು ಮೂರೇ ಡೆಸಿಬೆಲ್ ಏರಿಸಿದಿರಿ ಎನ್ನಿ, ಪದಕ್ಕೆ ಎರಡು ವ್ಯಾಟ್ ಸಾಕಾಗುತ್ತದೆ, ಚೆಂಡೆಗೆ ಮೂವತ್ತೆರಡು ಬೇಕಾಗುತ್ತದೆ, ಅದು ಸ್ಟೀರಿಯೊದ ಬಳಿ ಇಲ್ಲ. ಆಗ ತರಂಗದ ತುದಿ ಕತ್ತರಿಸಿಹೋಗುತ್ತದೆ. ಇದಕ್ಕೆ ಕ್ಲಿಪ್ಪಿಂಗ್ ಎನ್ನುತ್ತಾರೆ. ನೀವು ಕೇಳಿದ ಡಬ್ಬದ ಸದ್ದು ಅದೇ. ಹೀಗೆ ಕತ್ತರಿಸಿದ ತರಂಗದಲ್ಲಿ ಮೂಲದಲ್ಲಿಲ್ಲದ ಮೇಲ್‌ಸ್ತರದ ಕಂಪನಗಳು ಹುಟ್ಟಿಕೊಂಡು ಟ್ವೀಟರ್‌ಗೆ ಹೋಗುವುದರಿಂದ, ಕಡಿಮೆ ಶಕ್ತಿಯ ಸ್ಟೀರಿಯೊವನ್ನು ಮಿತಿ ಮೀರಿ ಏರಿಸಿದವರು ಎಷ್ಟೋ ಸಲ ಟ್ವೀಟರನ್ನೂ ಸುಟ್ಟುಕೊಳ್ಳುತ್ತಾರೆ.

ಹಾಗಾಗಿ 400 ವ್ಯಾಟ್ ಎಂಬ ಬರಹವನ್ನು ನಂಬಬೇಡಿ. ಅದು ಸ್ಪೀಕರ್ ಎಷ್ಟನ್ನು ತಾಳಬಲ್ಲದು ಎಂಬುದರ ಅಂಕಿಯೇ ಹೊರತು ಎಷ್ಟು ಸದ್ದು ಮಾಡುತ್ತದೆ ಎಂಬುದರದ್ದಲ್ಲ, ಅದೂ ಗರಿಷ್ಠದ್ದು. ನೋಡಬೇಕಾದದ್ದು ಸೆನ್ಸಿಟಿವಿಟಿ, ಅಂದರೆ ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಎಂಬುದು. 87 ಡೆಸಿಬೆಲ್‌ನ ಸ್ಪೀಕರ್ 45 ವ್ಯಾಟ್ ತಿಂದು ಮಾಡುವ ಸದ್ದನ್ನು 91 ಡೆಸಿಬೆಲ್‌ನದ್ದು 18 ವ್ಯಾಟ್‌ನಲ್ಲಿ ಮಾಡುತ್ತದೆ. ಇಲ್ಲೊಂದು ಸಣ್ಣ ಮೋಸವಿದೆ: ಕೆಲವರು ಒಂದು ವ್ಯಾಟ್‌ನ ಬದಲು 2.83 ವೋಲ್ಟ್ ಕೊಟ್ಟು ಅಳೆಯುತ್ತಾರೆ. 8 ಓಮ್‌ಗೆ ಅದು ಒಂದೇ ವ್ಯಾಟ್. ಕಾರಿನ 4 ಓಮ್ ಸ್ಪೀಕರ್‌ಗೆ ಎರಡು ವ್ಯಾಟ್ ಆಗುತ್ತದೆ. ಅಲ್ಲಿಗೆ 3 ಡೆಸಿಬೆಲ್ ಬಿಟ್ಟಿಯಾಗಿ ಸೇರಿತು. ಆದ್ದರಿಂದ ಒಂದರ 91ನ್ನೂ ಇನ್ನೊಂದರ 88ನ್ನೂ ಹೋಲಿಸುವ ಮುನ್ನ ಕೆಳಗಿನ ಸಣ್ಣ ಅಕ್ಷರಗಳನ್ನು ಓದಿ.

ಹಣ ಬಿಚ್ಚುವ ಮೊದಲು ಒಂದು ಪ್ರಶ್ನೆ. ಸ್ಟೀರಿಯೊದಲ್ಲಿ ಬಾಸ್ (ಕೆಳಸ್ವರ) ಎಷ್ಟಕ್ಕೆ ಇಟ್ಟಿದ್ದೀರಿ?

ತೆಂಕುತಿಟ್ಟು ಪುತ್ತೂರು

ಬಾಸ್ +6ರಲ್ಲಿದೆ. ಅದರ ಜೊತೆಗೆ 'ಲೌಡ್‌ನೆಸ್' ಎಂಬ ಇನ್ನೊಂದು ಗುಂಡಿಯೂ ಹಾಕಿಯೇ ಇದೆ. ಮದ್ದಳೆಯ ಎಡಮುಖ ಕೇಳಿಸಲೆಂದೇ ಹಾಗೆ ಮಾಡಿದ್ದೆ.

ಬೆಸುಗೆಗೋಲು

ಕಳ್ಳ ಸಿಕ್ಕಿದ. 6 ಡೆಸಿಬೆಲ್ ಎಂದರೆ ನಾಲ್ಕು ಪಟ್ಟು ಶಕ್ತಿ. ಇರುವ ಇಪ್ಪತ್ತು ವ್ಯಾಟ್ ಬಾಸಿಗೇ ಮುಗಿದುಹೋದರೆ ಚೆಂಡೆಗೆ ಎಲ್ಲಿಂದ ಬರಬೇಕು? ಬಾಸ್ ಸೊನ್ನೆಗೆ ತನ್ನಿ, ಲೌಡ್‌ನೆಸ್ ಆಫ್ ಮಾಡಿ. ನಿಮ್ಮ ಸ್ಟೀರಿಯೊದಲ್ಲಿ ಕೆಳಸ್ವರಗಳನ್ನು ತಡೆಯುವ ಹೈ-ಪಾಸ್ ಫಿಲ್ಟರ್ ಇದ್ದರೆ ಅದನ್ನು 80 ಹರ್ಟ್ಸ್‌ನಲ್ಲಿ ಇಡಿ. ಒಂದೇ ಮಟ್ಟದ ಸದ್ದಿಗೆ ಕಂಪನಾಂಕ ಅರ್ಧಕ್ಕಿಳಿದರೆ ಸ್ಪೀಕರಿನ ಕೋನ್ ನಾಲ್ಕು ಪಟ್ಟು ಹೆಚ್ಚು ದೂರ ಓಡಾಡಬೇಕಾಗುತ್ತದೆ. ಬಾಗಿಲ ಸ್ಪೀಕರನ್ನು 40 ಹರ್ಟ್ಸ್‌ನಲ್ಲಿ ದುಡಿಸುವುದು ಎತ್ತಿಗೆ ಆನೆಯ ಹೊರೆ ಹೊರಿಸಿದಂತೆ. ಅದನ್ನು ಇಳಿಸಿದರೆ ಉಳಿದ ಸ್ವರಗಳು ತಾವಾಗಿಯೇ ತಿಳಿಯಾಗುತ್ತವೆ.

ಹಾಸನದ ಫಿಟ್ಟರ್

ಮೇಲಿನವರು ಹೇಳಿದ ವಿದ್ಯುತ್ತಿನ ಲೆಕ್ಕ ಸರಿಯಾಗಿದೆ, ಆದರೆ ಹೆಚ್ಚು ಸೆನ್ಸಿಟಿವಿಟಿ ಇರುವುದನ್ನೇ ಕೊಳ್ಳಿ ಎಂಬ ಅರ್ಥ ಬಾರದಿರಲಿ ಎಂದು ಬರೆಯುತ್ತಿದ್ದೇನೆ. ಅಮೆರಿಕದ ಕೆಎಲ್‌ಎಚ್ ಕಂಪನಿಯನ್ನು ಕಟ್ಟಿದ ಮೂವರಲ್ಲಿ ಒಬ್ಬರಾದ ಹಾಫ್‌ಮನ್ ಅವರ ಹೆಸರಿನಲ್ಲಿ ಒಂದು ನಿಯಮವಿದೆ: ಆಳವಾದ ಬಾಸ್, ಸ್ಪೀಕರ್ ಕೂರುವ ಸಣ್ಣ ಪೆಟ್ಟಿಗೆ, ಹೆಚ್ಚು ಸೆನ್ಸಿಟಿವಿಟಿ, ಈ ಮೂರರಲ್ಲಿ ಎರಡು ಮಾತ್ರ ಒಟ್ಟಿಗೆ ಸಿಗುತ್ತವೆ. ಆರೂವರೆ ಇಂಚಿನಲ್ಲಿ 92, 93 ಡೆಸಿಬೆಲ್ ಬರಬೇಕಾದರೆ ಕೋನ್ ಹಗುರವಾಗಿರಬೇಕು, ಅದರ ಜೊತೆಗೆ ಬಾಸ್ ತೆಳುವಾಗುತ್ತದೆ. ಇಂಥ ಎಷ್ಟೋ ಸ್ಪೀಕರ್‌ಗಳು 2,000ದಿಂದ 5,000 ಹರ್ಟ್ಸ್ ನಡುವೆ ಉಬ್ಬಿಕೊಂಡಿರುತ್ತವೆ. ನಮ್ಮ ಕಿವಿ ಅತಿ ಚುರುಕಾಗಿರುವುದೂ ಅಲ್ಲಿಯೇ. ಅಂಗಡಿಯ ಹಲಗೆಯ ಮೇಲೆ ನುಡಿಸಿದಾಗ ಗಿರಾಕಿಗೆ ಅದೇ ಸ್ಪಷ್ಟವಾಗಿ ಕೇಳಿಸುತ್ತದೆ, ಏಕೆಂದರೆ ಎರಡು ಸ್ಪೀಕರ್‌ಗಳಲ್ಲಿ ತುಸು ಜೋರಾದದ್ದೇ ಚೆನ್ನಾಗಿದೆ ಎಂದು ಕಿವಿ ತೀರ್ಪು ಕೊಟ್ಟುಬಿಡುತ್ತದೆ. ಚೆಂಡೆ, ಚಕ್ರತಾಳ ಎರಡನ್ನೂ ಅದರಲ್ಲಿ ಆರು ಗಂಟೆ ಕೇಳಿದ ಮೇಲೆ ಮನೆಗೆ ಹೋಗಿ ತಲೆಗೆ ಅಮೃತಾಂಜನ ಹಚ್ಚಿಕೊಳ್ಳಬೇಕಾಗುತ್ತದೆ. ಹೋಲಿಸಲೇಬೇಕೆಂದಿದ್ದರೆ ಎರಡರ ಸದ್ದನ್ನೂ ಸಮಕ್ಕೆ ತಂದು, ನಿಮಗೆ ಬಾಯಿಪಾಠವಾಗಿರುವ ಒಂದು ಪದವನ್ನೇ ಹಾಕಿಸಿ ಕೇಳಿ.

ನನ್ನ ಅಭಿಪ್ರಾಯದಲ್ಲಿ 88, 89ರ ಆಸುಪಾಸಿನ, ರೇಷ್ಮೆಯ ಗುಮ್ಮಟದ ಟ್ವೀಟರ್ ಇರುವ ಕಾಂಪೊನೆಂಟ್ ಜೋಡಿಯೊಂದು ಮುಂದೆ ಸಾಕು. ಆ ಕೊರತೆಯ ಡೆಸಿಬೆಲ್‌ಗಳನ್ನು 50 ವ್ಯಾಟ್ ಆರ್‌ಎಂಎಸ್ (ಗರಿಷ್ಠದ್ದಲ್ಲ, ಸತತವಾಗಿ ಕೊಡಬಲ್ಲ ಶಕ್ತಿ) ಇರುವ ಸಣ್ಣ ಆಂಪ್ಲಿಫೈಯರ್ ತುಂಬಿಕೊಡುತ್ತದೆ. ಹಿಂದಿನ ಬಾಗಿಲುಗಳನ್ನು ಮುಟ್ಟಬೇಡಿ. ಆರು-ಒಂಬತ್ತರದ್ದು ನಿಮ್ಮ ಕಾರಿಗೆ ಬೇಡವೇ ಬೇಡ. ಬೆನ್ನ ಹಿಂದಿನಿಂದ ಭಾಗವತಿಕೆ ಕೇಳುವುದು ಯಾವ ರಂಗಸ್ಥಳದ ಕ್ರಮ?

ಆದರೆ ಸ್ಪೀಕರಿಗಿಂತ ಮೊದಲು ಬಾಗಿಲು. ಒಳಗಿನ ಪ್ಲಾಸ್ಟಿಕ್ ಕವಚ ಬಿಚ್ಚಿ ನೋಡಿದರೆ ತಗಡಿನಲ್ಲಿ ಅಂಗೈ ಅಗಲದ ತೂತುಗಳಿರುತ್ತವೆ, ಅವುಗಳ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆಯೊಂದೇ ಅಂಟಿರುತ್ತದೆ. ಕೋನ್ ಮುಂದಕ್ಕೆ ತಳ್ಳಿದ ಗಾಳಿಯೂ ಹಿಂದಕ್ಕೆ ತಳ್ಳಿದ ಗಾಳಿಯೂ ಆ ತೂತುಗಳ ಮೂಲಕ ಸೇರಿ ಒಂದನ್ನೊಂದು ಅಳಿಸಿಹಾಕುತ್ತವೆ. ನಿಮ್ಮ ಮದ್ದಳೆ ಕಳೆದುಹೋಗುವ ಜಾಗ ಅದು. ಹೊರತಗಡಿನ ಒಳಮೈಗೆ ಬ್ಯುಟೈಲ್ ಡ್ಯಾಂಪಿಂಗ್ ಹಾಳೆ ಅಂಟಿಸಿ, ರೋಲರಿನಿಂದ ಗುಳ್ಳೆ ಇಲ್ಲದಂತೆ ಒತ್ತಿ, ಒಳತಗಡಿನ ತೂತುಗಳನ್ನು ಮುಚ್ಚಿಸಿದರೆ ಹಳೆಯ ಸ್ಪೀಕರ್‌ನಲ್ಲೇ ಗುರುತಿಸುವಷ್ಟು ವ್ಯತ್ಯಾಸ ಬರುತ್ತದೆ. ಬಾಗಿಲ ತಳದಲ್ಲಿ ಮಳೆನೀರು ಬಸಿದುಹೋಗುವ ಸಣ್ಣ ಕಿಂಡಿಗಳಿರುತ್ತವೆ, ಅವನ್ನು ಮಾತ್ರ ಯಾವ ಕಾರಣಕ್ಕೂ ಮುಚ್ಚಿಸಬೇಡಿ. ಪುತ್ತೂರಿನ ಮಳೆಗೆ ಬಾಗಿಲು ಒಳಗಿಂದಲೇ ತುಕ್ಕು ಹಿಡಿಯುತ್ತದೆ. ಅದೇ ಕಾರಣಕ್ಕೆ ಸ್ಪೀಕರ್ ಕೂರಿಸುವ ಬಳೆ ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆಯದ್ದಾಗಬಾರದು. ಕರಾವಳಿಯಿಂದ ಬಂದ ಒಂದು ಕಾರಿನಲ್ಲಿ ಅಂಥ ಬಳೆ ನೀರು ಕುಡಿದು ಹಪ್ಪಳದಂತೆ ಪದರಪದರವಾಗಿ ಎದ್ದುಬಂದದ್ದನ್ನು ನಾನೇ ಕಿತ್ತು ತೆಗೆದಿದ್ದೇನೆ. ಪ್ಲಾಸ್ಟಿಕ್ ಬಳೆ ಹಾಕಿಸಿ. ಕೋನಿನ ಅಂಚು ಫೋಮ್ ಆಗಿರದೆ ರಬ್ಬರ್ ಆಗಿರಲಿ.

ಮೂಲ ವೈರುಗಳನ್ನು ಕತ್ತರಿಸಲು ಬಿಡಬೇಡಿ, ನಿಮ್ಮ ಕಾರಿಗೆ ಹೊಂದುವ ಕಪ್ಲರ್ ಸಿಗುತ್ತದೆ. ಆಂಪ್ಲಿಫೈಯರ್‌ಗೆ ಬ್ಯಾಟರಿಯಿಂದ ನೇರವಾಗಿ ಬೇರೆ ವೈರು ಎಳೆಸಿ, ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಇದೆಯೇ ಎಂದು ಕಣ್ಣಾರೆ ನೋಡಿ.

ವೀಣಾಪ್ರಿಯೆ

ಯಂತ್ರದ ವಿಷಯ ಬಲ್ಲವರು ಹೇಳಿದ್ದಾರೆ, ನಾನು ಕೇಳುಗಳಾಗಿ ಒಂದು ಮಾತು ಸೇರಿಸುತ್ತೇನೆ. ತೊಂಬತ್ತರ ವೇಗದಲ್ಲಿ ನೀವು ಹೋರಾಡುತ್ತಿರುವುದು ರಸ್ತೆಯ ಸದ್ದಿನೊಂದಿಗೆ, ಅದು ಹೆಚ್ಚಾಗಿ ಕೆಳಸ್ವರಗಳಲ್ಲೇ ಇರುತ್ತದೆ. ಆದ್ದರಿಂದಲೇ ಮದ್ದಳೆಯೂ ವೀಣೆಯ ಮಂದ್ರವೂ ಮೊದಲು ಮುಳುಗುತ್ತವೆ. ಅದನ್ನು ಮೀರಿಸಲು ಸಂಗೀತವನ್ನು ಏರಿಸುವ ಬದಲು ಆ ಸದ್ದನ್ನೇ ಇಳಿಸಬಹುದಲ್ಲವೇ? ನನ್ನ ಕಾರಿನಲ್ಲಿ ಸವೆದು ಗಟ್ಟಿಯಾಗಿದ್ದ ಟೈರುಗಳನ್ನೂ ಜೋತುಬಿದ್ದಿದ್ದ ಬಾಗಿಲ ರಬ್ಬರುಗಳನ್ನೂ ಬದಲಿಸಿದ ಮೇಲೆ, ಹೆದ್ದಾರಿಯಲ್ಲಿ ಮೊದಲು 22ಕ್ಕೆ ಇಡುತ್ತಿದ್ದ ವಾಲ್ಯೂಮ್ ಈಗ 17ರಲ್ಲಿ ಸಾಕಾಗುತ್ತಿದೆ.

ಇನ್ನೊಂದು, ಕಿವಿಗಳಿಗೆ ಬದಲಿ ಭಾಗ ಸಿಗುವುದಿಲ್ಲ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಹಾಕಿಕೊಟ್ಟ ಮಿತಿ 85 ಡೆಸಿಬೆಲ್‌ಗೆ ದಿನಕ್ಕೆ ಎಂಟು ಗಂಟೆ, ಅಲ್ಲಿಂದ ಪ್ರತಿ 3 ಡೆಸಿಬೆಲ್‌ಗೆ ಅವಧಿ ಅರ್ಧ. 94ಕ್ಕೆ ಹೋದರೆ ಒಂದೇ ಗಂಟೆ ಉಳಿಯುತ್ತದೆ. ಪುತ್ತೂರಿನಿಂದ ಹೊರಟವರು ಆಗಿನ್ನೂ ಘಾಟಿಯನ್ನೂ ಹತ್ತಿ ಮುಗಿಸಿರುವುದಿಲ್ಲ.

ತೆಂಕುತಿಟ್ಟು ಪುತ್ತೂರು

ಎಲ್ಲರಿಗೂ ಧನ್ಯವಾದಗಳು. ಹದಿನೈದು ದಿನಗಳ ನಂತರ ವರದಿ ಒಪ್ಪಿಸುತ್ತಿದ್ದೇನೆ.

ಮೊದಲ ದಿನವೇ ಬಾಸ್ ಸೊನ್ನೆಗಿಳಿಸಿ, ಲೌಡ್‌ನೆಸ್ ಆಫ್ ಮಾಡಿ, ಹೈ-ಪಾಸ್ 80ಕ್ಕೆ ಇಟ್ಟೆ. ಮೊದಲ ಅರ್ಧ ಗಂಟೆ ಸದ್ದು ಬಡಕಲಾದಂತೆ ತೋರಿ ಬೇಸರವಾಯಿತು. ಆದರೆ ಈಗ 31ರವರೆಗೂ ಚೆಂಡೆ ಚೆಂಡೆಯಂತೆಯೇ ಕೇಳುತ್ತದೆ. ಆಮೇಲೆ ಮುಂದಿನ ಎರಡು ಬಾಗಿಲುಗಳಿಗೆ ಡ್ಯಾಂಪಿಂಗ್ ಮಾಡಿಸಿದೆ. ಬಿಚ್ಚಿದಾಗ ಎಡಬಾಗಿಲಿನ ಸ್ಪೀಕರಿನ ಎರಡು ವೈರುಗಳು ತಿರುಗುಮುರುಗಾಗಿದ್ದವು. ಎರಡು ವರ್ಷಗಳ ಹಿಂದೆ ಸ್ಟೀರಿಯೊ ಹಾಕಿದವರ ಕೆಲಸವಿರಬೇಕು, ಆ ಅಂಗಡಿಯ ಹೆಸರು ಇಲ್ಲಿ ಬೇಡ. ಒಂದೂವರೆ ವೋಲ್ಟಿನ ಪೆನ್‌ಸೆಲ್ ತಾಗಿಸಿದಾಗ ಬಲಗಡೆಯ ಕೋನ್ ಹೊರಕ್ಕೆ ಬಂತು, ಎಡಗಡೆಯದ್ದು ಒಳಕ್ಕೆ ಹೋಯಿತು. ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತಿದ್ದರೆ ಕೆಳಸ್ವರ ಎಲ್ಲಿ ಉಳಿದೀತು! ಸರಿಪಡಿಸಿದ ಮೇಲೆ ಮದ್ದಳೆ ಮರಳಿ ಬಂದಿದೆ, ಭಾಗವತರೂ ಡ್ಯಾಶ್‌ಬೋರ್ಡಿನ ನಡುವೆ ಬಂದು ಕುಳಿತಿದ್ದಾರೆ.

ಇಷ್ಟಕ್ಕೆ ಖರ್ಚಾದದ್ದು 4,200 ರೂಪಾಯಿ. ಉಳಿದ ಹಣದಲ್ಲಿ 89 ಡೆಸಿಬೆಲ್‌ನ ಕಾಂಪೊನೆಂಟ್ ಜೋಡಿಯನ್ನೂ 50 ವ್ಯಾಟ್ ಆರ್‌ಎಂಎಸ್‌ನ ಎರಡು ಚಾನೆಲ್ ಆಂಪ್ಲಿಫೈಯರನ್ನೂ ಕೊಂಡಿದ್ದೇನೆ, ಭಾನುವಾರ ಹಾಕಿಸುವುದಿದೆ. ಆಂಪ್ಲಿಫೈಯರಿನ ಮಟ್ಟ ಹೊಂದಿಸುವ ಗೇನ್ ಎಂಬ ತಿರುಪನ್ನು ಎಲ್ಲಿಗೆ ನಿಲ್ಲಿಸಬೇಕು? ಅಂಗಡಿಯವರು ಕೇಳಿಕೊಂಡೇ ಹೊಂದಿಸುತ್ತೇವೆ ಎನ್ನುತ್ತಾರೆ.

ಬೆಸುಗೆಗೋಲು

ಕಿವಿಯಿಂದ ಬೇಡ, ಮಲ್ಟಿಮೀಟರಿನಿಂದ ಹೊಂದಿಸಿ. ಸ್ಪೀಕರ್ ವೈರುಗಳನ್ನು ಆಂಪ್ಲಿಫೈಯರಿನಿಂದ ಬಿಚ್ಚಿ, ಸ್ಟೀರಿಯೊದ ಎಲ್ಲ ಸ್ವರ ಹೊಂದಾಣಿಕೆಗಳನ್ನೂ ಸೊನ್ನೆಗೆ ತಂದು, ವಾಲ್ಯೂಮನ್ನು 30ರಲ್ಲಿ ನಿಲ್ಲಿಸಿ, ಪೂರ್ಣ ಮಟ್ಟದಲ್ಲಿ ಮುದ್ರಿಸಿದ 1,000 ಹರ್ಟ್ಸ್‌ನ ಪರೀಕ್ಷಾ ಧ್ವನಿಯನ್ನು ಹಾಕಿ. ಗೇನನ್ನು ತೀರಾ ಕೆಳಗಿನಿಂದ ನಿಧಾನವಾಗಿ ಏರಿಸುತ್ತ ಬನ್ನಿ. ಮೀಟರಿನ ಎಸಿ ವೋಲ್ಟೇಜ್ 14 ತೋರಿಸಿದಲ್ಲಿ ನಿಲ್ಲಿಸಿ. 50 ವ್ಯಾಟ್‌ನ್ನು 4 ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆದರೆ ಬರುವ ಅಂಕಿ ಅದು. ಎಂಜಿನ್ ಚಾಲೂ ಇರಲಿ, ಗ್ಯಾರೇಜಿನ ಬಾಗಿಲು ತೆರೆದಿರಲಿ.